ಪರದೆಯ ಹಿಂದಿನ ಎಂ.ಡಿ.

ನಾನು ಒಂದು ಕಂಪನಿಯ ಮ್ಯಾನೇಜಿಂಗ್ ಡೈರೆಕ್ಟರ್. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಓದುತ್ತಾ ಹೋದರೆ ನಿಮಗೆ ಹಾಗನ್ನಿಸುವ ಸಂಭವ ಬಹಳ ಕಡಿಮೆ.

ಕಂಪನಿ ಎಂದ ಕೂಡಲೇ ಗಾಜಿನ ಕಟ್ಟಡ, ಲಿಫ್ಟು, ಟೈ ಕಟ್ಟಿಕೊಂಡ ಜನ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಕಲಬುರಗಿಯ ನೆಹರು ಗಂಜ್ ಎಂಬ ಧಾನ್ಯದ ಪೇಟೆಯಲ್ಲಿ ನಮ್ಮ ಮನೆಯವರದೊಂದು ತೊಗರಿಬೇಳೆ ಅಂಗಡಿ. ಅದರ ಮೇಲೆ ಎರಡು ಕೋಣೆ. ಒಂದರಲ್ಲಿ ಹೊಲಿಗೆ ಯಂತ್ರಗಳು, ಇನ್ನೊಂದರಲ್ಲಿ ನಾನು. ಕಿಟಕಿ, ಬಾಗಿಲುಗಳಿಗೆ ಪರದೆ ಹೊಲಿದುಕೊಡುವುದು ನಮ್ಮ ಉದ್ಯೋಗ. ಕೆಳಗಿನಿಂದ ಬೇಳೆಯ ದೂಳು ಮೇಲೆ ಬರುತ್ತದೆ, ಮೇಲಿನಿಂದ ಬಟ್ಟೆಯ ಚೂರು ಕೆಳಗೆ ಹೋಗುತ್ತದೆ. ಇಷ್ಟೇ ನಮ್ಮ ಎರಡು ಸಂಸ್ಥೆಗಳ ನಡುವಿನ ವ್ಯವಹಾರ.

ದೊಡ್ಡ ಕಚೇರಿಗಳ ಕೆಲಸ ಬೇಕೆಂದರೆ ಕಂಪನಿ ಮಾಡಿಕೊಳ್ಳಿ ಎಂದು ನಮ್ಮ ಲೆಕ್ಕಪರಿಶೋಧಕರು ಹೇಳಿದರು. ಹಾಗೆ ಹುಟ್ಟಿದ್ದು 'ಸುವರ್ಣಮಲ್ಲಿ ಪರದೆ ಪ್ರೈವೇಟ್ ಲಿಮಿಟೆಡ್'. ಸುವರ್ಣಾ ನಾನು, ಮಲ್ಲಿಕಾರ್ಜುನ ನಮ್ಮ ಮನೆಯವರು. ಲಿಮಿಟೆಡ್ ಎಂದರೇನು ಎಂದು ನಾನು ಕೇಳಿದಾಗ ಲೆಕ್ಕಪರಿಶೋಧಕರು, "ನಿಮ್ಮ ಜವಾಬ್ದಾರಿಗಿ ಒಂದು ಮಿತಿ ಇರ್ತದ್ರಿ ಅಕ್ಕಾರ" ಎಂದರು. ಜವಾಬ್ದಾರಿಗೆ ಮಿತಿ ಇದೆ, ಸರಿ. ಬುದ್ಧಿಗೇಡಿತನಕ್ಕೂ ಇದೆಯೇ ಎಂದು ಆಗಲೇ ಕೇಳಬೇಕಾಗಿತ್ತು. ಕೇಳಲಿಲ್ಲ.

ಒಂದು ಮಧ್ಯಾಹ್ನ ನನ್ನ ಗೆಳತಿ ಜಯಶ್ರೀ ಕೆಂಪು ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದಳು. ನಾವಿಬ್ಬರೂ ಶರಣಬಸವೇಶ್ವರ ಗುಡಿಯ ಕಡೆಯ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಓದಿದವರು. ಮದುವೆಯಾಗಿ ಅವಳು ಕಮಲಾಪುರಕ್ಕೆ ಹೋದಳು. ಹೊಲಿಗೆಯಲ್ಲಿ ಅವಳದು ಎತ್ತಿದ ಕೈ. ಕಮಲಾಪುರದ ಅರ್ಧ ಊರಿನ ಕುಪ್ಪಸ ಅವಳ ಕೈಯಿಂದಲೇ ಬಂದದ್ದು.

"ಸುವ್ವಿ, ಒಂದು ಕೆಲಸ ಬಂದದ" ಎಂದಳು. "ನಮ್ಮೂರಾಗ ಪಟೇಲ್ ಸಾಹೇಬ್ರು ಹೊಸಾ ಫಂಕ್ಷನ್ ಹಾಲ್ ಕಟ್ಟಸ್ಯಾರ. ಕಿಟಕಿ ಪರದಿ, ಸ್ಟೇಜಿನ ಪರದಿ ಎಲ್ಲಾ ನನ್ನ ಕಡಿಂದೇ ಹೊಲಸಬೇಕಂತ ಅವರ ಮನಸ್ಸದ. ಆದ್ರ ಅವರ ಮಗ ಕಂಪನಿ ಬಿಲ್ ಬೇಕೇ ಬೇಕಂತ ಕುಂತಾನ. ನಂದೆಲ್ಲಿ ಕಂಪನಿ? ಮನ್ಯಾಗ ಒಂದು ಮಷೀನದ, ಒಂದು ಬೆಕ್ಕದ."

"ನಮ್ಮದು ಅದಲ್ಲ ಕಂಪನಿ!" ಎಂದೆ. "ಕೆಲಸ ನೀ ಮಾಡು, ಬಿಲ್ ನಾವು ಕೊಡ್ತೀವಿ."

ನೋಡಿ, ಎಷ್ಟು ಸರಳ! ನನಗೆ ನಾನೇ ದೊಡ್ಡ ಉದ್ಯಮಿಯಂತೆ ಕಂಡೆ. ಅದೇ ದಿನ ಊಟದ ಹೊತ್ತಿಗೆ ನಿರ್ದೇಶಕ ಮಂಡಳಿಯ ಸಭೆ ಸೇರಿತು. ಅಂದರೆ ನಾನು ರೊಟ್ಟಿ ಬಡಿಯುತ್ತಿದ್ದೆ, ನಮ್ಮ ಮನೆಯವರು ತಾಟಿನ ಮುಂದೆ ಕೂತಿದ್ದರು. ಅವರು ಹೆಚ್ಚು ಮಾತಿನವರಲ್ಲ. ಮಂಡಳಿಯ ಎಲ್ಲ ಠರಾವುಗಳಿಗೂ ಅವರದು "ಹೂಂ" ಎಂಬ ಒಂದೇ ಒಪ್ಪಿಗೆ. ಅಂದು ಮಾತ್ರ ಬಾಯಿ ಬಿಟ್ಟು, "ಯಾರ ಕೆಲಸ ಏನು ಅಂತ ಒಂದು ಕಾಗದ ಬರಕೊಳ್ರಿ. ಇಬ್ಬರಿಗೂ ಛಲೋ" ಎಂದರು.

"ಗೆಳತಿ ಜೋಡಿ ಎಂಥಾ ಕಾಗದ್ರಿ! ನನಗ ಆಕಿ ಮ್ಯಾಲ ನನಗಿಂತ ಜಾಸ್ತಿ ಭರೋಸಾ ಅದ."

"ಹೂಂ" ಎಂದರು.

ಆ ಭರೋಸೆ ಸುಮಾರು ಒಂದು ವಾರ ಕಲ್ಲಿನಂತೆ ಗಟ್ಟಿಯಾಗಿತ್ತು. ಆಮೇಲೆ ಪಕ್ಕದ ಮನೆಯ ಶಾಂತಾಬಾಯಿ ಕಾಕು ಮೊಸರು ಕೇಳಲು ಬಂದರು.

ಕಾಕುಗೆ ಹಾಳಾದವರ ಕಥೆಗಳೆಂದರೆ ಪ್ರಾಣ. ನಮ್ಮ ಓಣಿಯಲ್ಲಿ ಯಾರೇ ಹೊಸದೇನಾದರೂ ಆರಂಭಿಸಲಿ, ಅದನ್ನೇ ಮಾಡಿ ಮುಳುಗಿದವರೊಬ್ಬರು ಕಾಕುವಿನ ಬಳಗದಲ್ಲಿ ಇದ್ದೇ ಇರುತ್ತಾರೆ. ನಾನು ಹೆಮ್ಮೆಯಿಂದ ಜಯಾಳ ವಿಷಯ ಹೇಳಿದೆ. ಕಾಕು ಬಟ್ಟಲು ಕೆಳಗಿಟ್ಟರು.

"ನಿನ್ನ ಹೆಸರಿನ್ಯಾಗ ಇನ್ನೊಬ್ಬರು ಕೆಲಸ ಮಾಡೋದಾ? ನಮ್ಮ ಅಕ್ಕನ ಮೈದುನ ಹಿಂಗೇ ಗೆಳೆಯಗ ಹೆಸರು ಕೊಟ್ಟ. ಗೆಳೆಯ ರಸ್ತಾ ಮಾಡ್ದ. ಮಳಿ ಬಂತು, ರಸ್ತಾ ಹೋಯ್ತು. ಗೆಳೆಯನೂ ಹೋದ. ಉಳದಾವ ಇವನೊಬ್ಬನೇ."

"ಪರದಿ ಮಳ್ಯಾಗ ಹೋಗಲ್ಲ ಕಾಕು."

"ಹೆಸರು ಹೋಗ್ತದವ್ವಾ" ಎಂದು ಮೊಸರು ತೆಗೆದುಕೊಂಡು ಕಾಕು ಹೊರಟುಹೋದರು.

ಅದೊಂದು ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ಶೇಂಗಾದ ಸಿಪ್ಪೆಯಂತೆ ಒಳಗೇ ಉಳಿಯಿತು. ಸಂಶಯವೇನೂ ಇಲ್ಲ, ಸುಮ್ಮನೆ ನೋಡೋಣ ಎಂದು ಜಯಾಳಿಗೆ ಫೋನ್ ಹಚ್ಚಿದೆ. "ಒಂದು ದಿನ ನಾನೂ ಬಂದು ಕೆಲಸ ನೋಡ್ತೀನಿ" ಎಂದೆ.

"ಬ್ಯಾಡ ಬ್ಯಾಡ!" ಎಂದಳು. "ಕೆಲಸ ಮುಗಿಯೋತನ ನೀ ಬರಲೇಬ್ಯಾಡ."

ಒಂದು 'ಬ್ಯಾಡ' ಎಂದಿದ್ದರೆ ಅದು ಕಾಳಜಿ. ಎರಡು ಎಂದರೆ ಏನೋ ಇದೆ! ಅದರ ಮೇಲೆ 'ಬರಲೇಬ್ಯಾಡ' ಬೇರೆ! ಆ ದಿನ ನಾನು ಹೊಲಿದ ಪರದೆಯ ಅಂಚು ಗಂಜಿನ ಎತ್ತಿನ ಬಾಲದಂತೆ ಸೊಟ್ಟಗಾಯಿತು.

ಮತ್ತೆ ಕಾಕು ಬಂದರು. ಈ ಸಲ ಮೊಸರು ಕೇಳಲೂ ಇಲ್ಲ.

"ನಿನ್ನ ಗೆಳತಿನ ಮೋಮಿನಪುರ ಬಜಾರದಾಗ ನೋಡ್ದೆ. ಜರಿ ನೂಲು ತಗೊಳಾಕತ್ತಿದ್ಳು. ಒಂದೆರಡು ಉಂಡಿ ಅಲ್ಲ, ಚೀಲ ತುಂಬ!"

ಪಟೇಲರ ಹಾಲಿನ ಕೆಲಸದಲ್ಲಿ ಜರಿಯೇ ಇಲ್ಲ. ಬಟ್ಟೆ ಆರಿಸುವಾಗ ಜಯಾಳ ಜೊತೆ ನಾನೂ ಕೂತಿದ್ದೆ. ಹಾಗಾದರೆ ಆ ಜರಿ ಯಾರಿಗೆ? ಜಯಾ ನಮ್ಮ ಕಂಪನಿಯ ಹೆಸರಿನಲ್ಲಿ ಇನ್ನೂ ಬೇರೆಬೇರೆ ಕೆಲಸ ಹಿಡಿದಿದ್ದಾಳೆ. ಹಿಡಿದೇ ಹಿಡಿದಿದ್ದಾಳೆ! ಸಾಕ್ಷಿ ಸಾಲದು ಎಂಬಂತೆ ಮರುದಿನ ಅವಳದೇ ಫೋನು: "ಸುವ್ವಿ, ನಮ್ಮ ಕಂಪನಿ ಹೆಸರು ಪೂರಾ ಹೆಂಗ ಬರೀತಾರ? ಪ್ರೈವೇಟ್ ಲಿಮಿಟೆಡ್ ಅಂತ ಬಿಡಿಸಿ ಬರೀಬೇಕೋ, ಅರ್ಧಾ ಬರದ್ರ ನಡೀತದೋ?"

'ನಮ್ಮ' ಕಂಪನಿ! ನಾನು ಹೆಸರನ್ನು ಬಿಡಿಸಿ ಹೇಳಿದೆ. ಆ ದಿನ ಊಟಕ್ಕೆ ಕೂತಾಗ ತುರ್ತು ಸಭೆ ಕರೆದೆ.

"ಆಕಿ ನಮ್ಮ ಕಂಪನಿ ನುಂಗಾಕತ್ತಾಳ್ರಿ."

"ಜಯಾನ ಕೇಳಿದ್ರ ಹೇಳ್ತಾಳಲ್ಲ" ಎಂದರು ನಮ್ಮ ಮನೆಯವರು, ಪುಂಡಿಪಲ್ಯ ಬಡಿಸಿಕೊಳ್ಳುತ್ತಾ.

ಕೇಳುವುದಂತೆ! ಕಳ್ಳತನ ನಡೆದಲ್ಲಿ ಹೋಗಿ ಕಳ್ಳರನ್ನೇ ಕೇಳುವುದು ಎಲ್ಲಿಯ ಪದ್ಧತಿ? ನಮ್ಮ ಮನೆಯವರ ಸರಳತೆಯ ಬಗ್ಗೆ ನನಗೆ ಮರುಕ ಬಂತು.

ಮರುದಿನ ಆಫೀಸಿನ ಫೋನು, ಅಂದರೆ ನನ್ನ ಮೊಬೈಲು, ರಿಂಗಾಯಿತು. ಆ ಕಡೆ ವಯಸ್ಸಾದ ಗಂಡಸಿನ ಧ್ವನಿ. "ನಾ ಕಮಲಾಪುರದಿಂದ ಪಟೇಲ್ರಿ. ಜಯಶ್ರೀ ಮೇಡಂ ಫೋನ್ ಎತ್ತವಲ್ರು. ಅವ್ರೇ ಈ ಆಫೀಸಿನ ನಂಬರ್ ಕೊಟ್ಟಿದ್ರು. ನೀವು ಯಾರು ಮಾತಾಡೋದು?"

ಇಲ್ಲಿ ನಾನು ನಾನೇ ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನನ್ನೊಳಗಿನ ಪತ್ತೇದಾರಿಣಿ ಎದ್ದು ಕೂತಳು. "ನಾನು ಇಲ್ಲಿನ ಕ್ಲರ್ಕು ಸ್ವಾಮಿ. ತಮ್ಮ ವಿಷಯವೇನೆಂದು ತಿಳಿಸಬಹುದೇ?" ಎಂದು ಮೂಗಿನಿಂದ ಪುಸ್ತಕದ ಕನ್ನಡ ಹೊರಡಿಸಿದೆ.

"ಏನಿಲ್ಲವ್ವಾ. ಆ ಇನ್ನೊಂದು ಕೆಲಸದ ವಿಷಯ ಎಂ.ಡಿ. ಮೇಡಂಗ ಗೊತ್ತಾಗಬಾರದು ಅಂದಿದ್ರಲ್ಲ, ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲ ಅಂತ ಜಯಶ್ರೀ ಮೇಡಂಗ ಹೇಳಿಬಿಡು."

ಫೋನು ಇಟ್ಟವಳು ಎರಡು ಗ್ಲಾಸು ನೀರು ಕುಡಿದೆ. ಇನ್ನು ಕಾಯುವುದರಲ್ಲಿ ಅರ್ಥವಿರಲಿಲ್ಲ. ಕಂಪನಿಯ ಮಾನ ಉಳಿಸಲು ಮ್ಯಾನೇಜಿಂಗ್ ಡೈರೆಕ್ಟರ್ ಸ್ವತಃ ಕಾರ್ಯಾಚರಣೆಗೆ ಇಳಿಯಬೇಕಾಯಿತು.

ಗುರುತು ಸಿಗಬಾರದಲ್ಲ? ಅತ್ತೆಗೆ ಕಣ್ಣಿನ ಆಪರೇಷನ್ ಆದಾಗ ಕೊಟ್ಟ ದಪ್ಪ ಕರಿ ಕನ್ನಡಕ ಹುಡುಕಿ ತೆಗೆದೆ. ಬಾಯಿಗೆ ಮಾಸ್ಕು. ತಲೆಯ ಮೇಲೆ ಸೆರಗು. ಕನ್ನಡಿಯಲ್ಲಿ ನೋಡಿಕೊಂಡರೆ ನನಗೇ ನನ್ನ ಗುರುತು ಸಿಗಲಿಲ್ಲ. ಸಿಗದಿರಲು ಇನ್ನೊಂದು ಕಾರಣ, ಆ ಕನ್ನಡಕದಲ್ಲಿ ಕನ್ನಡಿಯೇ ಸರಿಯಾಗಿ ಕಾಣುತ್ತಿರಲಿಲ್ಲ. ನಮ್ಮ ಮನೆಯವರಿಗೆ "ಬಟ್ಟಿ ನೋಡಾಕ ಹೊಂಟೀನಿ" ಎಂದೆ. ಅವರು ಒಮ್ಮೆ ನನ್ನ ಕನ್ನಡಕ ನೋಡಿ, "ಹೂಂ" ಎಂದರು.

ಹುಮನಾಬಾದ್ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದೆ. ಇಳಿದವಳು ನೇರ ಬಾಳೆಹಣ್ಣಿನ ಬುಟ್ಟಿಗೆ ಡಿಕ್ಕಿ ಹೊಡೆದೆ. ಬುಟ್ಟಿಯ ಒಡತಿ ಬೈಯಬೇಕಾಗಿತ್ತು. ಅದರ ಬದಲು ಎದ್ದು ನನ್ನ ಕೈ ಹಿಡಿದಳು.

"ಕಣ್ಣಿನ ಆಪರೇಷನ್ ಆಗ್ಯಾದೇನ್ರಿ ಅವ್ವಾರ? ಪಾಪ, ಒಬ್ಬರನ್ನೇ ಯಾಕ ಕಳಿಸ್ಯಾರ ಮನ್ಯಾಗಿನವ್ರು?"

ಅಷ್ಟೇ ಅಲ್ಲ, ನನ್ನನ್ನು ಹೆದ್ದಾರಿ ದಾಟಿಸಿ, ಕೈಯಲ್ಲಿ ಒಂದು ಕೆಂಪು ಬಾಳೆಹಣ್ಣು ಇಟ್ಟು, "ಸಾವಕಾಶ ಹೋಗ್ರಿ" ಎಂದು ಹರಸಿ ಕಳಿಸಿದಳು. ಗುಟ್ಟಾಗಿ ಊರು ಹೊಕ್ಕ ನನ್ನನ್ನು ಬಸ್ ಸ್ಟ್ಯಾಂಡಿನ ಜನರೆಲ್ಲ ಕನಿಕರದಿಂದ ನೋಡುತ್ತಿದ್ದರು.

ಫಂಕ್ಷನ್ ಹಾಲ್ ಊರಾಚೆಗೆ, ಹೊಸ ಸುಣ್ಣದ ವಾಸನೆಯಲ್ಲಿ ಹೊಳೆಯುತ್ತಿತ್ತು. ಬಾಗಿಲಲ್ಲಿ ಬಿಳಿ ಗಡ್ಡದ, ಬಿಳಿ ಟೊಪ್ಪಿಗೆಯ ಹಿರಿಯರೊಬ್ಬರು ಕುರ್ಚಿ ಹಾಕಿಕೊಂಡು ಕೂತಿದ್ದರು. ಧ್ವನಿ ಕೇಳಿದೊಡನೆ ಪಟೇಲರೇ ಎಂದು ಗೊತ್ತಾಯಿತು.

"ಬರ್ರಿ ಅಮ್ಮಾ, ಬರ್ರಿ. ಏನಾಗಬೇಕಾಗಿತ್ತು?"

"ಮಗಳ ಲಗ್ನ ಅದ್ರಿ. ಹಾಲ್ ನೋಡಾಕ ಬಂದೀನಿ" ಎಂದೆ. ನನಗೆ ಇರುವುದು ಇಬ್ಬರು ಗಂಡುಮಕ್ಕಳು.

"ಮುಬಾರಕ್, ಮುಬಾರಕ್! ಹುಡುಗ ಯಾ ಊರಾವ?"

"ಆಳಂದ್ರಿ."

"ಆಳಂದದಾಗ ಯಾರ ಮನಿ? ನಮ್ಮ ಅಕ್ಕನ್ನ ಅಲ್ಲೇ ಕೊಟ್ಟಾರ. ನನಗ ಗೊತ್ತಿಲ್ಲದ ಮನಿ ಇಲ್ಲ ಆಳಂದದಾಗ."

ಮಾಸ್ಕಿನ ಒಳಗೆ ನನಗೆ ಬೆವರು ಇಳಿಯಿತು. "ಆಳಂದ ಅಂದ್ರ ಪೂರಾ ಆಳಂದ ಅಲ್ರಿ. ಆ ಕಡಿ."

"ಹುಡುಗ ಏನ್ ಮಾಡ್ತಾನ?"

"ಬ್ಯಾಳಿ" ಎಂದೆ. ಗಾಬರಿಯಲ್ಲಿ ಮತ್ತೇನೂ ಹೊಳೆಯಲಿಲ್ಲ.

"ಬ್ಯಾಳಿ ಏನ್ ಮಾಡ್ತಾನ?"

"ಏನೋ ಮಾಡ್ತಾನ್ರಿ."

"ಹುಡುಗಿ ಏನ್ ಓದ್ಯಾಳ?"

"ಪಿಯುಸಿ ಎರಡನೇ ಸಲ ಕಟ್ಯಾಳ್ರಿ." ಅದು ನನ್ನ ದೊಡ್ಡ ಮಗನ ವಿಷಯ. ಅಷ್ಟು ಸುಳ್ಳುಗಳ ನಡುವೆ ಒಂದು ನಿಜ ಬಾಯಿಂದ ಬಿದ್ದುಹೋಗಿತ್ತು.

ಪಟೇಲರು ತಲೆ ಅಲ್ಲಾಡಿಸಿ, "ಹರ್ಕತ್ ಇಲ್ಲ, ಲಗ್ನ ಆದ ಮ್ಯಾಲ ಓದ್ತಾಳ" ಎಂದು ಸಮಾಧಾನ ಹೇಳಿ ಒಳಗೆ ಕರೆದೊಯ್ದರು.

ಒಳಗೆ ಹೋದವಳು ನಿಂತುಬಿಟ್ಟೆ. ಕನ್ನಡಕವನ್ನು ಸ್ವಲ್ಪ ಕೆಳಗೆ ಜಾರಿಸಿ ನೋಡಿದೆ. ಸಾಲಾಗಿ ಕಿಟಕಿಗಳು, ಸಾಲಾಗಿ ಪರದೆಗಳು. ಒಂದೊಂದರ ನಿರಿಗೆಯೂ ಅಳೆದು ಇಟ್ಟ ಹಾಗೆ. ಅಂಚು ನೆಲಕ್ಕೆ ತಾಗಿಯೂ ತಾಗದ ಹಾಗೆ. ಇಷ್ಟು ವರ್ಷ ಪರದೆ ಹೊಲಿದ ನನಗೆ ಒಂದೇ ಒಂದು ತಪ್ಪು ಹೊಲಿಗೆ ಸಿಗಲಿಲ್ಲ. ಆಗ ನನಗೆ ಬಂದ ಯೋಚನೆ ಏನು ಗೊತ್ತೇ? ಇಷ್ಟು ಛಂದ ಯಾಕೆ ಮಾಡಿದ್ದಾಳೆ? ಪಟೇಲರನ್ನು ಒಲಿಸಿಕೊಂಡು ಮುಂದಿನ ಕೆಲಸವನ್ನೆಲ್ಲ ತಾನೇ ಹೊಡೆದುಕೊಳ್ಳಲು!

"ಈ ಪರದಿ ಯಾರ ಕಡಿಂದ ಮಾಡಿಸೀರಿ?" ಎಂದೆ, ಏನೂ ಗೊತ್ತಿಲ್ಲದವಳಂತೆ.

"ಕಲಬುರಗಿ ಕಂಪನಿ ಅಮ್ಮಾ! ಪ್ರೈವೇಟ್ ಲಿಮಿಟೆಡ್!" ಪಟೇಲರ ಮುಖ ಅರಳಿತು. "ಅಲ್ಲಿ ಎಂ.ಡಿ. ಮೇಡಂ ಭಾಳ ಕಡಕ್ ಅಂತ. ಒಂದು ಎಳಿ ಅತ್ತಿತ್ತ ಆದ್ರ ಪೂರಾ ಪರದಿ ವಾಪಸ್ ಕಳಸ್ತಾರಂತ. ನನ್ನ ಮಗ ಅಗ್ಗದ ಬಟ್ಟಿ ಹಾಕ್ರಿ ಅಂದ. ಜಯಶ್ರೀ ಮೇಡಂ ಒಪ್ಪಲಿಲ್ಲ. ನಮ್ಮ ಎಂ.ಡಿ. ಹೆಸರು ಕೆಡ್ತದ ಅಂದ್ರು."

ನೆಟ್ಟಗಿದ್ದ ಯಾರಿಗಾದರೂ ಇಷ್ಟು ಕೇಳಿದ ಮೇಲೆ ನಾಚಿಕೆಯಾಗಬೇಕಿತ್ತು. ನನಗೆ ಆ ಹೊತ್ತಿಗೆ ನೆಟ್ಟಗಿರುವುದೇನೂ ಕಾಣುತ್ತಿರಲಿಲ್ಲ. ಪಟೇಲರ ಬಾಯಿಂದ ಆ 'ಇನ್ನೊಂದು ಕೆಲಸ'ವನ್ನು ಹೊರಗೆ ಎಳೆಯಬೇಕು, ಅದಕ್ಕೆ ಮೊದಲು ಅವರನ್ನು ಸ್ವಲ್ಪ ಅಲ್ಲಾಡಿಸಬೇಕು ಎಂಬುದು ನನ್ನ ಉಪಾಯ.

"ಆ ಕಂಪನಿನಾ?" ಎಂದು ಮುಖ ಕಿವುಚಿದೆ. ಮಾಸ್ಕಿನಲ್ಲಿ ಅದು ಕಾಣುವುದಿಲ್ಲವೆಂದು ನೆನಪಾಗಿ, ತಲೆಯನ್ನೂ ಅಲ್ಲಾಡಿಸಿದೆ. "ಜರಾ ಹುಷಾರಿರ್ರಿ. ಆ ಕಂಪನಿ ಬಗ್ಗೆ ನಾ ಏನೇನೋ ಕೇಳೀನಿ."

ಪಟೇಲರ ನಗು ಆರಿತು. "ಏನ್ ಕೇಳೀರಿ?"

"ಹೇಳಿದ್ರ ಛಂದಿರಲ್ಲ. ಭರೋಸಾ ಇಡೋ ಕಂಪನಿ ಅಲ್ಲ."

ನನ್ನ ಸ್ವಂತ ಕಂಪನಿ! ನನ್ನ ಹೆಸರು, ನನ್ನ ಗಂಡನ ಹೆಸರು ಸೇರಿಸಿ ಕಟ್ಟಿದ ಕಂಪನಿ! ಅದರ ಮಾನವನ್ನು ಉಳಿಸಲು ಬಂದವಳು ಅದನ್ನು ಹಾಲಿನ ನಡುವೆ ನಿಂತು ಕಳೆಯುತ್ತಿದ್ದೆ.

ಪಟೇಲರು ಗಂಭೀರರಾದರು. "ಹಂಗಾದ್ರ ಹಿಂದ ಮಾತಾಡೋದು ಬ್ಯಾಡ. ಜಯಶ್ರೀ ಮೇಡಂ ಊಟದ ಹಾಲಿನ್ಯಾಗೇ ಅದಾರ. ಕರೀತೀನಿ. ಎದುರಾಬದುರಾ ಕೇಳಿಬಿಡೋಣು. ನೀವು ಇಲ್ಲೇ ನಿಂದರ್ರಿ" ಎಂದು ಹೊರಟೇಬಿಟ್ಟರು.

ಜಯಾ ಇಲ್ಲೇ ಇದ್ದಾಳೆ! ಮನೆಯಲ್ಲಿ ಹೊಲಿಯುತ್ತಿರುತ್ತಾಳೆ ಎಂದು ಲೆಕ್ಕ ಹಾಕಿದ್ದೆ. ಬಾಗಿಲಿನ ಕಡೆ ಓಡಿದೆ. ಆ ಕನ್ನಡಕದಲ್ಲಿ ಬಾಗಿಲೆಂದು ಕಂಡದ್ದು ಕಿಟಕಿ. ತಿರುಗಿ ಓಡಿದೆ. ಅಷ್ಟರಲ್ಲಿ ಅವರ ಹೆಜ್ಜೆ ಸಪ್ಪಳ ಹತ್ತಿರ ಬಂತು. ಎದುರಿಗೆ ಸ್ಟೇಜು, ಸ್ಟೇಜಿಗೆ ಮುಚ್ಚಿದ ದೊಡ್ಡ ಕೆಂಪು ಪರದೆ. ಮೆಟ್ಟಿಲು ಹತ್ತಿ ಅದರ ಹಿಂದೆ ಸೇರಿಕೊಂಡು ಉಸಿರು ಹಿಡಿದು ನಿಂತೆ. ಕೈಯಲ್ಲಿ ಇನ್ನೂ ಆ ಬಾಳೆಹಣ್ಣು.

"ಎಲ್ಲಿ ಹೋದ್ರು?" ಪಟೇಲರ ಧ್ವನಿ. "ಇಲ್ಲೇ ಇದ್ರಲ್ಲ! ಹೊರಗ ಹೋದ್ರೇನೋ. ಮೇಡಂ, ಆ ಹೆಣ್ಮಗಳು ನಿಮ್ಮ ಕಂಪನಿ ಭರೋಸಾದ್ದಲ್ಲ ಅಂದ್ರು."

"ಯಾರರೆ ಏನರೆ ಅನ್ಲಿ ಸಾಹೇಬ್ರ" ಇದು ಜಯಾ. "ನನಗ ನಮ್ಮ ಎಂ.ಡಿ. ಗೊತ್ತದಾಳ. ಒಂದು ಕಾಗದ ಬರಸ್ಕೊಳ್ಳದೆ, ಒಂದು ಪ್ರಶ್ನಿ ಕೇಳದೆ ನನಗ ತನ್ನ ಹೆಸರು ಕೊಟ್ಟಾಳ. ಇವತ್ತಿನ ಕಾಲದಾಗ ಯಾರು ಕೊಡ್ತಾರ ಹೇಳ್ರಿ? ಆಕಿ ನನ್ನ ಮ್ಯಾಲ ಒಂದು ದಿನ ಸಂಶಯ ಪಟ್ಟಾಕಿ ಅಲ್ಲ."

ಪರದೆಯ ಹಿಂದೆ ನನ್ನ ಕಿವಿ ಬಿಸಿಯಾದವು. ಹೊರಗೆ ಬಂದು ಕಾಲಿಗೆ ಬೀಳಲೇ, ಇಲ್ಲೇ ನಿಂತು ಕರಗಲೇ ಎಂದು ತಿಳಿಯದೆ ಒದ್ದಾಡಿದೆ.

"ನಿಮಗ ಇನ್ನೂ ಸಮಾಧಾನ ಆಗಿಲ್ಲಂದ್ರ ಬರ್ರಿ" ಎಂದಳು ಜಯಾ. "ಸ್ಟೇಜಿನ ಪರದಿ ಎಳದು ತೋರಸ್ತೀನಿ. ಭರೋಸಾದ್ದು ಹೌದೋ ಅಲ್ಲೋ ನೀವೇ ಹೇಳ್ರಿ."

ಪರದೆ ಕರಕರ ಎನ್ನುತ್ತದೆ, ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತದೆ, ಅಷ್ಟರಲ್ಲಿ ಪಕ್ಕಕ್ಕೆ ಸರಿಯಬಹುದು ಎಂದುಕೊಂಡೆ. ಸ್ಟೇಜಿನ ಪರದೆಗಳೆಲ್ಲ ಹಾಗೇ ಅಲ್ಲವೇ? ಇದು ಹಾಗಲ್ಲ. ಹಗ್ಗ ಎಳೆದದ್ದೇ ತಡ, ಒಂದು ಚೂರೂ ಸಪ್ಪಳವಿಲ್ಲದೆ, ಬೆಣ್ಣೆಯ ಹಾಗೆ ಎರಡೂ ಕಡೆ ಸರಿದುಹೋಯಿತು. ಅಷ್ಟು ಛಂದ ಕೆಲಸ!

ಸ್ಟೇಜಿನ ನಟ್ಟನಡುವೆ ನಾನು. ಕರಿ ಕನ್ನಡಕ, ಮಾಸ್ಕು, ತಲೆಯ ಮೇಲೆ ಸೆರಗು, ಎದೆಗೆ ಹಿಡಿದ ಒಂದು ಕೆಂಪು ಬಾಳೆಹಣ್ಣು.

ಪಟೇಲರು ನನ್ನ ಕಡೆ ಬೆರಳು ಚಾಚಿದರು.

"ಈಕಿನೇ!" ಎಂದರು ಪಟೇಲರು. "ಈಕಿನೇ ಅಂದಾಕಿ!"

ಜಯಾ ನನ್ನನ್ನೇ ನೋಡಿದಳು. ಶಾಲೆಯಲ್ಲಿ ಹತ್ತು ವರ್ಷ ಪಕ್ಕದಲ್ಲಿ ಕೂತವಳಿಗೆ ಮಾಸ್ಕು ಯಾವ ಲೆಕ್ಕ? ಅವಳ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. 'ಇವಳೇ ನಮ್ಮ ಎಂ.ಡಿ.' ಎಂದು ಅವಳು ಒಂದು ಮಾತು ಹೇಳಿದ್ದರೆ ಕಂಪನಿ, ಕೆಲಸ, ಮಾನ ಎಲ್ಲ ಅಲ್ಲೇ ಮುಗಿಯುತ್ತಿತ್ತು. ತನ್ನದೇ ಕಂಪನಿಯನ್ನು ಬೈಯಲು ವೇಷ ಹಾಕಿಕೊಂಡು ಬರುವ ಹುಚ್ಚಿಯ ಹತ್ತಿರ ಯಾರು ಪರದೆ ಹೊಲಿಸುತ್ತಾರೆ?

"ಗೊತ್ತಾತು ಬಿಡ್ರಿ ಸಾಹೇಬ್ರ" ಎಂದಳು ಕೊನೆಗೆ, ನನ್ನ ಮೇಲಿನ ಕಣ್ಣು ತೆಗೆಯದೆ. "ಈಕಿ ಬ್ಯಾರೆ ಕಂಪನಿಯಾಕಿ. ನಮ್ಮ ಹೆಸರು ಕೆಡಸಾಕ ಬಂದಾಳ."

ಅಲ್ಲಿಂದ ಪಟೇಲರು ಶುರು ಮಾಡಿದರು. "ಶರಮ್ ಇಲ್ಲೇನವ್ವಾ ನಿನಗ? ಸುಳ್ಳು ಲಗ್ನ ಬ್ಯಾರೆ! ಪಾಪ, ಆ ಹುಡುಗಿ ಪಿಯುಸಿ ಫೇಲ್ ಅಂತ ನನ್ನ ಹೊಟ್ಟಿ ಉರೀತು! ಮ್ಯಾಲ ನೋಡು, ಕಣ್ಣಿದ್ರ ಓದು. ಅವ್ರ ಎಂ.ಡಿ. ಎಂಥಾಕಿ ಇದ್ದಾಳ ಅಂತ!"

ಮೆಟ್ಟಿಲಿಳಿದು, ಕನ್ನಡಕ ಜಾರಿಸಿ ತಲೆಯೆತ್ತಿದೆ. ಒಳಗೆ ಬಂದಾಗ ಕಿಟಕಿಗಳನ್ನು ಬಿಟ್ಟು ಬೇರೇನೂ ನೋಡಿರಲಿಲ್ಲ. ಸ್ಟೇಜಿನ ಮೇಲ್ಗಡೆಯ ಝಾಲರಿಗೆ ಉದ್ದಕ್ಕೂ ಜರಿಯಲ್ಲಿ ಕಸೂತಿ ಹಾಕಿದ ದೊಡ್ಡ ಅಕ್ಷರಗಳು. 'ಸುವರ್ಣಮಲ್ಲಿ ಪರದೆ ಪ್ರೈವೇಟ್ ಲಿಮಿಟೆಡ್.' ಪೂರಾ ಬಿಡಿಸಿ ಬರೆದಿದ್ದಳು.

"ಅದು ಬಿಲ್ಲಿನ್ಯಾಗ ಇಲ್ಲದ ಕೆಲಸ" ಎಂದರು ಪಟೇಲರು. "ಓಪನಿಂಗ್ ದಿವಸ ಎಂ.ಡಿ. ಮೇಡಂ ಬಂದು ನೋಡಿ ಖುಷಿ ಪಡಲಿ ಅಂತ ಈ ಮೇಡಂ ತಾನೇ ಕುಂತು ಹಾಕ್ಯಾಳ. ಯಾರಿಗೂ ಹೇಳಬ್ಯಾಡ್ರಿ ಅಂದಿದ್ಳು. ನಿಂದರು, ಆಫೀಸಿಗಿ ಫೋನ್ ಹಚ್ಚಿ ನಿನ್ನ ಕಥಿ ಈಗೇ ಹೇಳ್ತೀನಿ."

ಬೇಡ ಎನ್ನುವಷ್ಟರಲ್ಲಿ ಅವರು ಹಚ್ಚಿಯೇಬಿಟ್ಟರು. ನನ್ನ ಬಗಲ ಚೀಲದಲ್ಲಿ ಮೊಬೈಲು ರಿಂಗಾಗತೊಡಗಿತು. ಕೈ ಹಾಕಿದೆ. ಕೀಲಿಕೈ ಸಿಕ್ಕಿತು, ಬಾಚಣಿಗೆ ಸಿಕ್ಕಿತು, ಕೊನೆಗೆ ಮೊಬೈಲು ಸಿಕ್ಕಿತು. ಕಟ್ ಮಾಡಿದೆ.

ಪಟೇಲರು ಕಿವಿಯಿಂದ ಫೋನು ತೆಗೆದು ಅದನ್ನೇ ನೋಡಿದರು. "ಕಟ್ ಮಾಡ್ದಳು ನೋಡ್ರಿ! ಅಲ್ಲೊಬ್ಬ ಕ್ಲರ್ಕ್ ಹುಡುಗಿ ಅದಾಳ ಮೇಡಂ, ಮೂಗಿನ್ಯಾಗ ಮಾತಾಡ್ತಾಳ. ಆಕಿಗಿ ಸ್ವಲ್ಪ ಶಿಸ್ತು ಕಲಸ್ರಿ." ಆಮೇಲೆ ನನ್ನ ಕಡೆ ತಿರುಗಿ, "ನಿನಗೂ ಈಗೇ ಫೋನ್ ಬರಬೇಕೇನು?" ಎಂದು ಗದರಿಸಿದರು.

"ನಾನೇ ಈಕಿನ ಬಸ್ ಹತ್ತಿಸಿ ಬರ್ತೀನಿ" ಎಂದು ಜಯಾ ನನ್ನ ರಟ್ಟೆ ಹಿಡಿದಳು. ಪಟೇಲರು ಹಿಂದಿನಿಂದ, "ಇನ್ನೊಮ್ಮೆ ಈ ಹಾಲಿನ ಕಡಿ ಸುಳದ್ರ ನೋಡು! ಒಳಗೆಲ್ಲಾ ಕ್ಯಾಮೆರಾ ಅದಾವ, ನಿನ್ನ ಫೋಟೋ ತೆಗಿಸಿ ಗೇಟಿನ್ಯಾಗ ಕೊಡ್ತೀನಿ" ಎಂದು ಕೂಗುತ್ತಿದ್ದರು.

ದಾರಿಯುದ್ದಕ್ಕೂ ಅವಳು ನನ್ನ ರಟ್ಟೆ ಬಿಡಲಿಲ್ಲ. ಬಸ್ ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ನಿಂತ ಮೇಲೆ ನಾನೇ ಬಾಯಿ ಬಿಟ್ಟೆ. ಎರಡು 'ಬ್ಯಾಡ', ಮೋಮಿನಪುರದ ಜರಿ, ಪಟೇಲರ ಫೋನು, ಕಾಕುವಿನ ಅಕ್ಕನ ಮೈದುನ, ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಅವು ಎಷ್ಟು ತೆಳ್ಳಗೆ ಕಂಡವೆಂದರೆ, ಕೊನೆಯದನ್ನು ಪೂರ್ತಿ ಹೇಳಲೇ ಇಲ್ಲ.

"ನೀ ಒಂದು ಮಾತು ಕೇಳಿದ್ರ ನಾ ಹೇಳ್ತಿದ್ದಿಲ್ಲೇನು?" ಎಂದಳು. ಸಿಟ್ಟಿನ ಧ್ವನಿಯಲ್ಲ, ಅದಕ್ಕಿಂತ ಕಷ್ಟದ್ದು. "ನಿನಗ ಶಾಲು ಹೊದಸಬೇಕಂತ ಸಾಹೇಬ್ರಿಗಿ ನಾನೇ ಹೇಳಿದ್ದೆ. ಶಾಲ್ಯಾಗ ಒಮ್ಮೆರೆ ಸ್ಟೇಜ್ ಮ್ಯಾಲ ಕರೀಲಿ ಅಂತ ಎಷ್ಟು ಬಡಕೋತಿದ್ದಿ. ಇವತ್ತ ನೀನೇ ಬಂದು ನಿಂತಿ, ಬಾಳಿಹಣ್ಣು ಹಿಡಕೊಂಡು."

ನನಗೆ ಅಳು ಬಂತು. ಕರಿ ಕನ್ನಡಕದ ಕೆಳಗಿನಿಂದ ಕಣ್ಣೀರು ಮಾಸ್ಕಿನೊಳಗೆ ಇಳಿಯಿತು. ಆ ಬುಟ್ಟಿಯ ಹೆಂಗಸು ದೂರದಿಂದಲೇ, "ಅವ್ವಾರ, ಅಳಬ್ಯಾಡ್ರಿ, ಹೊಲಿಗಿ ಬಿಚ್ತಾವ!" ಎಂದು ಕೂಗಿದಳು.

ಜಯಾಳಿಗೆ ಎಲ್ಲಿಂದ ಬಂತೋ ನಗು, ತಡೆಯಲಾಗದೆ ಮರ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು, "ನಾ ಇನ್ನೂ ಸಿಟ್ಟಿನ್ಯಾಗೇ ಅದೀನಿ, ತಿಳ್ಕೊ" ಎಂದಳು. ಬಸ್ಸು ಬಂತು. ಅವಳೇ ಸೀಟು ಹಿಡಿದುಕೊಟ್ಟಳು.

ಮರುದಿನವೇ ಕಾಗದ ಬರೆಸಿದೆ. ನಮ್ಮ ಮನೆಯವರು ಮೊದಲ ದಿನ ಹೇಳಿದ್ದ ಅದೇ ಕಾಗದ. ಇಬ್ಬರೂ ಸಹಿ ಹಾಕಿದೆವು. ಅವಳು ಓದಿ ಹಾಕಿದಳು, ನಾನು ಓದದೆ ಹಾಕಿದೆ. "ಓದು ಮಾರಾಯ್ತಿ, ಇಲ್ಲಂದ್ರ ಮತ್ತ ಕನ್ನಡಕ ಹಾಕ್ಕೊಂಡು ಬರ್ತಿ" ಎಂದು ಓದಿಸಿದಳು.

ಹಾಲಿನ ಓಪನಿಂಗಿಗೆ ಎಂ.ಡಿ. ಮೇಡಂಗೆ ದೊಡ್ಡ ಆಮಂತ್ರಣ ಬಂತು. ಮೇಡಂ ಹೇಗೆ ಹೋಗಬೇಕು? ಮುಖ ಮಾಸ್ಕಿನಲ್ಲಿ ಮುಚ್ಚಿದ್ದರೂ ನನ್ನ ಧ್ವನಿಯನ್ನು ಪಟೇಲರು ಮರೆಯುವರೇ? ಜಯಾಳನ್ನೇ ನನ್ನ ಬದಲು ನಿಲ್ಲು ಎಂದು ಬೇಡಿಕೊಂಡೆ. "ಇನ್ನು ಒಂದು ಸುಳ್ಳೂ ನನ್ನ ಕಡಿಂದ ಆಗಲ್ಲ" ಎಂದಳು. ಕೊನೆಗೆ ಇನ್ನೊಬ್ಬ ನಿರ್ದೇಶಕರಾದ ನಮ್ಮ ಮನೆಯವರು ಇಸ್ತ್ರಿ ಅಂಗಿ ಹಾಕಿಕೊಂಡು ಹೋದರು. ಶಾಲು ಹೊದಿಸಿ ಎರಡು ಮಾತು ಆಡಿ ಎಂದರಂತೆ. ಇವರು ಮೈಕಿನ ಮುಂದೆ ನಿಂತು, "ಎಲ್ಲಾರೂ ಊಟ ಮಾಡ್ರಿ" ಎಂದು ಇಳಿದರಂತೆ. ಆ ದಿನದ ಭಾಷಣಗಳಲ್ಲಿ ಅದಕ್ಕೇ ಹೆಚ್ಚು ಚಪ್ಪಾಳೆ ಬಿತ್ತೆಂದು ಜಯಾ ಹೇಳಿದಳು. ನಾನು ಮನೆಯಲ್ಲಿ ಕೂತು, ಅವಳು ಕಳಿಸಿದ ಫೋಟೋದಲ್ಲಿ ನನ್ನ ಹೆಸರಿನ ಜರಿ ಹೊಳೆಯುವುದನ್ನು ದೊಡ್ಡದು ಮಾಡಿ ಮಾಡಿ ನೋಡಿದೆ.

ಆಮೇಲೆ ಕಮಲಾಪುರದ ಕಡೆಯಿಂದ ಇನ್ನೂ ಕೆಲಸ ಬಂದವು. ಎಲ್ಲ ಜಯಾಳದೇ. ಈಗ ಎಲ್ಲವೂ ಸರಿಯಾಗಿದೆ ಎನ್ನುವಷ್ಟರಲ್ಲಿ ಹೋದ ವಾರ ನಮ್ಮ ನಾದಿನಿ ಶೋಭಾ ಪೇಡೆಯ ಡಬ್ಬಿ ಹಿಡಿದುಕೊಂಡು ಬಂದಳು. ಮಗಳ ಮದುವೆ ಗೊತ್ತಾಗಿದೆ. ಹುಡುಗನ ಕಡೆಯವರು ಕಮಲಾಪುರದ ಹತ್ತಿರದವರು.

"ವೈನಿ, ಎಂಥಾ ಹಾಲ್ ಹಿಡದೀವಿ ಗೊತ್ತೇನು!" ಎಂದಳು. "ಸ್ಟೇಜ್ ಮ್ಯಾಲ ನಿಮ್ಮದೇ ಕಂಪನಿ ಹೆಸರದ! ಗೇಟಿನ್ಯಾಗ ನಿಂತು ಬಂದವರನ್ನೆಲ್ಲಾ ಕರಕೊಳ್ಳೋ ಕೆಲಸ ನಿನ್ನದೇ."

ನಮ್ಮ ಮನೆಯವರು ಅಂದು ಪೇಪರು ಓದುತ್ತಿದ್ದವರು ಓದುತ್ತಲೇ ಇದ್ದರು. ಪೇಪರು ಮಾತ್ರ ಅಲ್ಲಾಡುತ್ತಿತ್ತು.

ಬಹಳ ಯೋಚಿಸಿ ಮೊಣಕಾಲು ನೋವು ಎಂದು ತೀರ್ಮಾನಿಸಿದೆ. ಮದುವೆಯ ಹೊತ್ತಿಗೆ ದಿಢೀರೆಂದು ನೋವು ಬಂತೆಂದರೆ ಯಾರೂ ನಂಬುವುದಿಲ್ಲ, ಈಗಿನಿಂದಲೇ ಕುಂಟುವುದನ್ನು ರೂಢಿ ಮಾಡಿಕೊಂಡಿದ್ದೇನೆ. ನಿನ್ನೆ ಶೋಭಾ ಸೀರೆ ತೋರಿಸಲು ಬಂದಾಗ ಬಾಗಿಲವರೆಗೆ ಕುಂಟುತ್ತಲೇ ಹೋಗಿ ಕರೆದುಕೊಂಡೆ, ಚಹಾ ಮಾಡಿ ಕುಂಟುತ್ತಲೇ ತಂದುಕೊಟ್ಟೆ.

ಶೋಭಾ ಚಹಾ ಕುಡಿಯದೆ ನನ್ನ ಕಾಲುಗಳನ್ನೇ ನೋಡುತ್ತಾ ಕೂತಳು.

"ವೈನಿ" ಎಂದಳು ಕೊನೆಗೆ, "ನಾ ಬಂದಾಗ ಎಡಗಾಲು ಕುಂಟಾಕತ್ತಿದ್ದಿಯಲ್ಲ?"